ಅಪ್ಪನ ಎರಡಡಿ ಕರುಳು

“ಗ್ಯಾಸ್ ಹೋಯ್ತಾ ಯಜಮಾನ್ರೇ?”

ಮೂರು ದಿನದಿಂದ ಎಲ್ಲರೂ ಅಪ್ಪನನ್ನು ಕೇಳುತ್ತಿದ್ದದ್ದು ಇದೊಂದೇ ಪ್ರಶ್ನೆ. ಬೆಳಿಗ್ಗೆ ರೌಂಡ್ಸಿಗೆ ಬರುವ ದೊಡ್ಡ ಡಾಕ್ಟರು, ಅವರ ಹಿಂದೆ ಫೈಲು ಹಿಡಿದುಕೊಂಡು ಬರುವ ಚಿಕ್ಕ ಡಾಕ್ಟರು, ಬಿ.ಪಿ. ನೋಡುವ ಸಿಸ್ಟರು, ಕೊನೆಗೆ ನೆಲ ಒರೆಸುವ ಆಯಾ ಕೂಡ. ಅಪ್ಪ ಮೂವತ್ತೈದು ವರ್ಷ ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಕ್ಲಾಸಿನಲ್ಲಿ ಯಾವನಾದರೂ ಹೂಸು ಬಿಟ್ಟು ಹುಡುಗರೆಲ್ಲ ಮೂಗು ಮುಚ್ಚಿಕೊಂಡು ಕಿಸಿಕಿಸಿ ಅಂದರೆ ಬೆತ್ತ ಮೇಜಿಗೆ ಕುಟ್ಟಿ ಸುಮ್ಮನಾಗಿಸುತ್ತಿದ್ದವರು. ಈಗ ಅವರದೇ ಹೂಸಿಗಾಗಿ ಇಡೀ ವಾರ್ಡು ಕಾಯುತ್ತಿತ್ತು.

ಆಪರೇಷನ್ ಆದಮೇಲೆ ಕರುಳು ಮುನಿಸಿಕೊಂಡು ಕೂತುಬಿಡುತ್ತದೆ. ಕೈಯಲ್ಲಿ ಮುಟ್ಟಿದ್ದು, ಮಗುಚಿದ್ದು, ಮಂಪರಿನ ಔಷಧಿ, ನೋವಿನ ಇಂಜೆಕ್ಷನ್ನು, ಎಲ್ಲ ಸೇರಿ ಅದರ ಅಲುಗಾಟ ನಿಂತುಹೋಗುತ್ತದೆ. ಮೊದಲು ಏಳುವುದು ಸಣ್ಣ ಕರುಳು, ಹೆಚ್ಚುಕಮ್ಮಿ ಒಂದು ದಿನದೊಳಗೆ. ಆಮೇಲೆ ಜಠರ. ಎಲ್ಲರಿಗಿಂತ ಸೋಮಾರಿ ಅಂದರೆ ದೊಡ್ಡ ಕರುಳು, ಅದು ಮೂರು ದಿನವಾದರೂ ಸತಾಯಿಸುತ್ತದೆ. ಅದು ಎದ್ದಿದೆಯೋ ಇಲ್ಲವೋ ತಿಳಿಯುವುದಕ್ಕೆ ಸ್ಕ್ಯಾನು ಗೀನು ಬೇಡ. ಹೂಸು ಬಂದರೆ ಸಾಕು.

ನಾಲ್ಕನೇ ದಿನ ಬೆಳಗಿನ ಜಾವ ಬಂತು. ಅಮ್ಮ ವಾರ್ಡಿನ ಬಾಗಿಲಲ್ಲೇ ನಿಂತು ಅರಸೀಕೆರೆಗೆ, ತಿಪಟೂರಿಗೆ, ನನ್ನ ಅತ್ತೆ ಮನೆಗೆ ಫೋನ್ ಮಾಡಿದರು. ಖುಷಿಯಲ್ಲಿ ಗಂಟಲು ಕಟ್ಟಿತ್ತು. “ಹೋಯ್ತು ಕಣೋ, ಹೋಯ್ತು” ಅಂದರು. ಆ ಕಡೆ ಚಿಕ್ಕಪ್ಪ ಹೋಗಿದ್ದು ಜೀವ ಅಂದುಕೊಂಡು ಗೋಳೋ ಅಂತ ಅತ್ತರಂತೆ.

ಅಪ್ಪನಿಗೆ ಆಗಿದ್ದು ಕರುಳಿನ ಕ್ಷಯ. ಟಿ.ಬಿ. ಅಂದರೆ ಕೆಮ್ಮು, ಕಫ ಅಂತಲೇ ನಾವು ತಿಳಿದಿದ್ದೆವು. ಅಪ್ಪ ಒಂದು ದಿನವೂ ಕೆಮ್ಮಲಿಲ್ಲ. ಸಂಜೆಯಾದರೆ ಮೈ ಬಿಸಿ. ಉಂಡ ಮೇಲೆ ಹೊಟ್ಟೆ ಹಿಂಡುವುದು, ಗುಳುಗುಳು ಸದ್ದು. ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋಗಿದ್ದರು. ಎರಡು ವರ್ಷ ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿದರು. ನಮ್ಮ ಕಡೆ ಗ್ಯಾಸ್ಟ್ರಿಕ್ ಅನ್ನುವ ಒಂದೇ ಪದದಲ್ಲಿ ಕತ್ತಿನಿಂದ ಸೊಂಟದವರೆಗಿನ ಎಲ್ಲ ಕಾಯಿಲೆಯೂ ಅಡಗಿ ಕೂರುತ್ತದೆ. ಕೊನೆಗೊಂದು ದಿನ ನೀರೂ ಇಳಿಯದೆ ವಾಂತಿ ಶುರುವಾಯಿತು. ಸ್ಕ್ಯಾನಿನಲ್ಲಿ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗ ಪೂರ್ತಿ ಬಿಗಿದುಕೊಂಡಿರುವುದು ಕಂಡಿತು. ಕರುಳಿನ ಕ್ಷಯಕ್ಕೆ ಬಹಳ ಪ್ರಿಯವಾದ ಜಾಗವೇ ಅದು. ಬಹಳ ಜನರಿಗೆ ಬರೀ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಅಪ್ಪನಿಗೆ ದಾರಿಯೇ ಮುಚ್ಚಿಹೋಗಿತ್ತು, ಕತ್ತರಿಸದೆ ಗತಿ ಇರಲಿಲ್ಲ. ಸಣ್ಣ ಕರುಳಿನ ಕೊನೆಯ ಎರಡಡಿ, ದೊಡ್ಡ ಕರುಳಿನ ಶುರುವಿನ ತುಂಡು, ಅದರ ಜೊತೆಗೆ ಅಂಟಿಕೊಂಡಿದ್ದ ಅಪೆಂಡಿಕ್ಸು, ಎಲ್ಲ ತೆಗೆದು ಉಳಿದ ಎರಡು ತುದಿ ಹೊಲಿದರು.

“ಇಪ್ಪತ್ತಡಿ ಇದೆ, ಎರಡಡಿ ತೆಗ್ದಿದೀವಿ. ಏನೂ ತೊಂದ್ರೆ ಆಗಲ್ಲ” ಅಂದರು ಡಾಕ್ಟರು.

“ಬಿಡಮ್ಮ, ಪಂಚೆ ಅಂಚು ಹರಿದಂಗೆ. ಉಳಿದಿದ್ದು ಸುತ್ಕೊಂಡ್ರೆ ಆಯ್ತು” ಅಂದರು ಅಪ್ಪ.

ನಾನೂ ನಂಬಿದೆ. ಕರುಳು ಅಂದರೆ ತೋಟಕ್ಕೆ ನೀರು ಬಿಡುವ ಪೈಪು ಇದ್ದ ಹಾಗೆ ಅಂತಲೇ ನನ್ನ ತಲೆಯಲ್ಲಿತ್ತು. ಕೆಟ್ಟ ತುಂಡು ಕತ್ತರಿಸಿ ಜೋಡಿಸಿದರೆ ಮತ್ತೆ ನೀರು ಹರಿಯುತ್ತದೆ, ಅಷ್ಟೇ ಅಲ್ವಾ? ಆ ಎರಡಡಿ ಯಾವ ಎರಡಡಿ, ಅದು ಇಷ್ಟು ದಿನ ಏನು ಮಾಡುತ್ತಿತ್ತು ಅಂತ ಕೇಳಬೇಕೆಂದು ಹೊಳೆಯಲಿಲ್ಲ. ಹೊಳೆಯುವುದಕ್ಕೆ ಮೂರು ವರ್ಷ ಬೇಕಾಯಿತು.

ನಮ್ಮ ಊರಿನ ಮನೆಗೆ ಉದ್ದನೆಯ ಜಗಲಿ ಇದೆ. ಪೋಸ್ಟಿನವನು, ಬಳೆಗಾರ, ಕೊಬ್ಬರಿ ವ್ಯಾಪಾರಿ, ದಾರಿಹೋಕರು ಎಲ್ಲರೂ ಅಲ್ಲಿ ಕೂರುತ್ತಾರೆ. ನೀರು ಕುಡಿಯುತ್ತಾರೆ, ಸುದ್ದಿ ಹೇಳುತ್ತಾರೆ. ಸೂರಿನ ಕೆಳಗೇ ಇದ್ದರೂ ಅವರು ಮನೆಯೊಳಗೆ ಬಂದಂತಲ್ಲ. ಕರುಳಿನ ಒಳಗಿನ ಜಾಗವೂ ಹೀಗೆಯೇ ಅಂತ ತಿಳಿದ ದಿನ ನನಗೆ ಬಹಳ ಸೋಜಿಗವಾಯಿತು. ಬಾಯಿಯಿಂದ ಶುರುವಾಗಿ ಗುದದವರೆಗೆ ಎರಡೂ ಕಡೆ ಬಾಗಿಲು ತೆರೆದಿರುವ ಒಂದು ಹಾದಿ. ಚಿಕ್ಕವಳಿದ್ದಾಗ ನನ್ನ ತಮ್ಮ ನಾಲ್ಕಾಣೆ ನುಂಗಿದ್ದ. ಅಮ್ಮ ಎರಡು ದಿನ ಬಾಳೆಹಣ್ಣು ತಿನ್ನಿಸಿ, ಕಡ್ಡಿ ಹಿಡಿದು ಕಾದು, ಕೊನೆಗೆ ನಾಲ್ಕಾಣೆ ವಾಪಸ್ಸು ಪಡೆದರು. ಆ ನಾಣ್ಯ ಅವನ ಮೈಯೊಳಗೆ ಹೋಗಲೇ ಇಲ್ಲ. ಜಗಲಿಯಲ್ಲಿ ಅಷ್ಟುದ್ದ ನಡೆದು ಆಚೆ ಇಳಿಯಿತು. ಮುದ್ದೆಯೂ ಅಷ್ಟೇ. ನುಂಗಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹಾಗೇ ಕಳಿಸಬೇಕು ಅಂತ ಹೊಸ್ತಿಲಲ್ಲಿ ಕೂತು ತೀರ್ಮಾನ ಮಾಡುವುದು ಕರುಳು.

ಜಠರದಿಂದ ಹುಳಿ ಹುಳಿಯಾಗಿ ಇಳಿದ ಊಟ ಮೊದಲು ಸೇರುವುದು ಡುವೊಡಿನಮ್ ಅನ್ನುವ ಗಿಡ್ಡ ಭಾಗಕ್ಕೆ. ಹನ್ನೆರಡು ಬೆರಳಗಲ ಉದ್ದ, ಹೆಸರಿನ ಅರ್ಥವೂ ಹನ್ನೆರಡೇ. ಪ್ಯಾಂಕ್ರಿಯಾಸಿನ ರಸ ಅಲ್ಲಿ ಬಂದು ಸೇರಿ ಹುಳಿಯನ್ನು ಮುರಿಯುತ್ತದೆ. ಪಿತ್ತರಸ ಬಂದು ಎಣ್ಣೆ ತುಪ್ಪವನ್ನು ಬಿಡಿಸುತ್ತದೆ, ಎಣ್ಣೆ ಸ್ನಾನದ ದಿನ ಸೀಗೆಪುಡಿ ಮಾಡುವ ಕೆಲಸವನ್ನೇ. ಅನ್ನ ಮುದ್ದೆಯ ಪಿಷ್ಟ ಸಕ್ಕರೆಯಾಗಿ ಒಡೆಯುತ್ತದೆ, ಬೇಳೆಯ ಪ್ರೋಟೀನು ಚೂರುಚೂರಾಗುತ್ತದೆ. ಇಷ್ಟಾದ ಮೇಲೆ ಒಳಗೆ ಎಳೆದುಕೊಳ್ಳುವ ಕೆಲಸ. ಸಣ್ಣ ಕರುಳಿನ ಒಳಗೋಡೆ ಟರ್ಕಿ ಟವೆಲಿನ ಹಾಗೆ, ಒಂದು ಮಿಲಿಮೀಟರೂ ಇಲ್ಲದ ಎಳೆಗಳು ಒತ್ತೊತ್ತಾಗಿ ಎದ್ದು ನಿಂತಿರುತ್ತವೆ. ಒಂದೊಂದು ಎಳೆಯ ಒಂದೊಂದು ಜೀವಕೋಶದ ಮೇಲೂ ಮತ್ತೆ ಸಾವಿರಾರು ಸಣ್ಣ ಎಳೆಗಳು. ಇವನ್ನೆಲ್ಲ ಬಿಡಿಸಿ ಹಾಸಿದರೆ ಟೆನಿಸ್ ಕೋರ್ಟಿನಷ್ಟಾಗುತ್ತದೆ ಅಂತ ನಾವು ಶಾಲೆಯಲ್ಲಿ ಓದಿದ್ದು. 2014ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕೂತು ಸರಿಯಾಗಿ ಅಳೆದರು. ಬಂದದ್ದು ಸುಮಾರು 30 ಚದರ ಮೀಟರ್. ಅರ್ಧ ಬ್ಯಾಡ್ಮಿಂಟನ್ ಕೋರ್ಟು. ಬೇಜಾರೇನಿಲ್ಲ, ಹೊಟ್ಟೆಯೊಳಗೆ ಮಡಿಸಿ ಇಡುವುದಕ್ಕೆ ಅದೇ ಜಾಸ್ತಿ.

ಆ ಹಾಸಿನ ಜೀವಕೋಶಗಳು ಮೂರರಿಂದ ಐದು ದಿನಕ್ಕೆ ಸವೆದು ಉದುರಿ, ಹೊಸವು ಬರುತ್ತವೆ. ಗಣಪತಿ ಕೂರಿಸಿದ ದಿನ ಕಡುಬು ಅರಗಿಸಿದ ಒಳಪದರ, ಅನಂತನ ಚತುರ್ದಶಿಯ ದಿನ ಗಣಪತಿ ಬಿಡುವ ಹೊತ್ತಿಗೆ ಇರುವುದೇ ಇಲ್ಲ.

ಇನ್ನು ನೀರಿನ ಲೆಕ್ಕ. ಇದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ದಿನಕ್ಕೆ ಎಂಟೊಂಬತ್ತು ಲೀಟರ್ ದ್ರವ ಸಣ್ಣ ಕರುಳಿಗೆ ಬರುತ್ತದೆ. ನಾವು ಕುಡಿದದ್ದು, ತಿಂದದ್ದರಲ್ಲಿ ಬಂದದ್ದು ಸೇರಿ ಎರಡು ಲೀಟರ್ ಇರಬಹುದು. ಮಿಕ್ಕಿದ್ದೆಲ್ಲ ನಮ್ಮದೇ ಮೈ ಸುರಿದದ್ದು: ಜೊಲ್ಲು, ಜಠರದ ರಸ, ಪಿತ್ತ, ಕರುಳಿನದೇ ರಸ. ಅದರಲ್ಲಿ ಕೊನೆಗೆ ಆಚೆ ಹೋಗುವುದು ನೂರರಿಂದ ಇನ್ನೂರು ಮಿಲಿಲೀಟರ್, ಒಂದು ಕಾಫಿ ಲೋಟದಷ್ಟು. ಉಳಿದ ಹನಿ ಹನಿಯನ್ನೂ ಕರುಳು ವಾಪಸ್ಸು ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ತೋಟಕ್ಕೆ ನೀರು ಕಟ್ಟುವ ನಮ್ಮ ಅಪ್ಪನಿಗಿಂತ ಜಿಪುಣ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಕಿಚ್ಚು, ಉರಿ ಎಲ್ಲ ಹೊಟ್ಟೆಗೆ. ಪ್ರೀತಿ ಮಾತ್ರ ಕರುಳಿಗೆ. ಹೆತ್ತ ಕರುಳು, ಕರುಳ ಕುಡಿ, ಕರುಳು ಚುರ್ ಅಂತು. ಯಾರು ಈ ಹಂಚಿಕೆ ಮಾಡಿದರೋ ಗೊತ್ತಿಲ್ಲ, ಆದರೆ ಹತ್ತಿಪ್ಪತ್ತು ಕೋಟಿಗೂ ಹೆಚ್ಚು ನರಕೋಶಗಳು ಕರುಳಿನ ಗೋಡೆಯಲ್ಲೇ ಇವೆ. ಮಿದುಳು ಹೇಳದಿದ್ದರೂ ಅವು ತಮ್ಮ ಪಾಡಿಗೆ ಊಟ ತಳ್ಳುತ್ತವೆ, ಹಿಂಡುತ್ತವೆ, ಕಲಸುತ್ತವೆ. ಊಟ ಇಲ್ಲದಾಗಲೂ ಸುಮ್ನೆ ಕೂರುವುದಿಲ್ಲ. ಹೊಟ್ಟೆ ಖಾಲಿ ಇದ್ದರೆ ಒಂದೂವರೆ ಎರಡು ಗಂಟೆಗೊಮ್ಮೆ ಮೇಲಿಂದ ಕೆಳಗೆ ಒಂದು ಅಲೆ ಎದ್ದು, ಉಳಿದ ಪಳಿದದ್ದನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ. ಅಮ್ಮ ಸೋಮವಾರ ಒಪ್ಪತ್ತು ಮಾಡುವಾಗ “ಕರುಳಿಗೂ ರೆಸ್ಟ್ ಬೇಕಲ್ಲ” ಅನ್ನುತ್ತಾರೆ. ರೆಸ್ಟ್ ಎಲ್ಲಿಂದ ಬಂತು, ಅದು ಕಸ ಹೊಡೆಯುವ ಹೊತ್ತು. ಅಮ್ಮನ ರಜದ ದಿನ ಇದ್ದ ಹಾಗೆಯೇ.

ಅಪ್ಪ ಮನೆಗೆ ಬಂದರು. ಕ್ಷಯದ ಮಾತ್ರೆ ಆರು ತಿಂಗಳು ಅಂದಿದ್ದರು. ಗಾಯ ಒಣಗಿತು, ಜ್ವರ ಹೋಯಿತು, ತೂಕವೂ ಬರತೊಡಗಿತು. ಒಂದೇ ತೊಂದರೆ. “ತಟ್ಟೆ ತೊಳೆಯೋ ಅಷ್ಟರಲ್ಲಿ ಚೊಂಬು ಹಿಡ್ಕೊಂಡು ಓಡ್ಬೇಕು ಕಣಮ್ಮ.” ತೆಳ್ಳಗೆ, ಹಳದಿ ಹಸಿರು, ತಡೆಯಲಾಗದ ಅವಸರ. ನೆಂಟರ ಮನೆಗೆ ಹೋಗುವುದು ಬಿಟ್ಟರು. ಬಸ್ಸು ಹತ್ತುವುದು ಬಿಟ್ಟರು.

ಎರಡಡಿಯ ಮೊದಲ ಲೆಕ್ಕ ಇಲ್ಲಿ ಸಿಕ್ಕಿತು. ಪಿತ್ತರಸದಲ್ಲಿರುವ ಪಿತ್ತ ಲವಣ ಗೋಲಿ ಸೋಡಾ ಬಾಟಲಿಯ ಹಾಗೆ. ಕುಡಿದು ಬಾಟಲಿ ವಾಪಸ್ಸು ಕೊಡಬೇಕು. ಲಿವರ್ ದಿನಾ ಹೊಸದಾಗಿ ಮಾಡುವುದು ಬಹಳ ಕಮ್ಮಿ, ಇದ್ದದ್ದನ್ನೇ ದಿನಕ್ಕೆ ನಾಲ್ಕಾರು ಸಲ ತಿರುಗಿಸುತ್ತದೆ. ಮೇಲೆ ಕೊಬ್ಬು ಕರಗಿಸಿ ಬಂದ ಲವಣದಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಸಣ್ಣ ಕರುಳಿನ ಕೊನೆಯಲ್ಲಿ ರಕ್ತಕ್ಕೆ ಸೇರಿ ಲಿವರಿಗೆ ಮರಳುತ್ತದೆ. ಖಾಲಿ ಬಾಟಲಿ ತೆಗೆದುಕೊಳ್ಳುವ ಆ ಅಂಗಡಿಯೇ ಅಪ್ಪನಲ್ಲಿ ಇಲ್ಲ. ಲವಣವೆಲ್ಲ ದೊಡ್ಡ ಕರುಳಿಗೆ ಬಿದ್ದು, ಅಲ್ಲಿ ಕೆರಳಿಸಿ, ನೀರು ಹೀರಬೇಕಾದ ಗೋಡೆ ತಾನೇ ನೀರು ಬಿಡುವ ಹಾಗೆ ಮಾಡುತ್ತಿತ್ತು. ಇದಕ್ಕೊಂದು ಪುಡಿ ಇದೆ, ನೀರಿನಲ್ಲಿ ಕಲಸಿ ಕುಡಿಯಬೇಕು. ಪಿತ್ತವನ್ನು ಹಿಡಿದು ಕಟ್ಟಿಹಾಕುತ್ತದೆ. ಬೇರೆ ಮಾತ್ರೆಗಳನ್ನೂ ಹಿಡಿದುಕೊಂಡುಬಿಡುವುದರಿಂದ ಅವಕ್ಕೂ ಇದಕ್ಕೂ ಗಂಟೆಗಟ್ಟಲೆ ಅಂತರ ಬೇಕು. “ಮರಳು ಕುಡಿದಂಗೆ” ಅಂತ ಬೈದುಕೊಂಡೇ ಕುಡಿದರು. ವಾರದಲ್ಲಿ ಬಸ್ಸು ಹತ್ತಿದರು.

ಪುಡಿ ಸಿಗುವ ಮುಂಚಿನ ಒಂದು ರಾತ್ರಿ ಮಾತ್ರ ಮರೆಯುವ ಹಾಗಿಲ್ಲ. ಹತ್ತು ಹನ್ನೆರಡು ಸಲ ಆಗಿ, ಕಣ್ಣು ಒಳಗೆ ಹೋಗಿ, ತುಟಿ ಒಣಗಿ ಮಲಗಿದ್ದರು. ಕರೆಂಟ್ ಇರಲಿಲ್ಲ. ಮನೆಯಲ್ಲಿ ಓಆರ್‌ಎಸ್ ಪೊಟ್ಟಣ ಇರಲಿಲ್ಲ. ಅಮ್ಮ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ತಲೆ ಸಮ ಮಾಡಿ ಹಾಕಿ ಕದಡಿದರು. “ಬರೀ ನೀರು ಕುಡಿದ್ರೆ ಸಾಲ್ದಾ?” ಅಂದರು ಅಪ್ಪ. ಮೇಷ್ಟ್ರು, ಕಾರಣ ಹೇಳದೆ ಏನನ್ನೂ ಕುಡಿಯುವವರಲ್ಲ. ಆಗ ನನಗೆ ಉತ್ತರ ಗೊತ್ತಿರಲಿಲ್ಲ.

ಉತ್ತರ ಇರುವುದು ಕರುಳಿನ ಗೋಡೆಯಲ್ಲಿರುವ ಒಂದು ಬಾಗಿಲಲ್ಲಿ. ಉಪ್ಪಿನ ಸೋಡಿಯಂ, ಸಕ್ಕರೆಯ ಗ್ಲೂಕೋಸ್ ಎರಡೂ ಜೋಡಿಯಾಗಿ ಬಂದರೆ ಮಾತ್ರ ಆ ಬಾಗಿಲು ಸರಿಯಾಗಿ ತಿರುಗುತ್ತದೆ. ಅವು ಒಳಗೆ ಹೋದರೆ ನೀರು ಹಿಂದೆಯೇ ಹೋಗುತ್ತದೆ. ಕಾಲರಾ ಬಂದು ಕರುಳು ನೀರು ಸುರಿಸುತ್ತಿದ್ದಾಗಲೂ ಈ ಬಾಗಿಲು ಕೆಡುವುದಿಲ್ಲ. 1971ರಲ್ಲಿ ಬಾಂಗ್ಲಾದೇಶದ ಯುದ್ಧದಿಂದ ತಪ್ಪಿಸಿಕೊಂಡು ಲಕ್ಷಾಂತರ ಜನ ಪಶ್ಚಿಮ ಬಂಗಾಳಕ್ಕೆ ಬಂದರು. ಗಡಿಯ ಬನಗಾಂವ್ ಶಿಬಿರದಲ್ಲಿ ಕಾಲರಾ ಬಂತು. ಆಸ್ಪತ್ರೆಯ ನೆಲದ ತುಂಬ ರೋಗಿಗಳು, ಡ್ರಿಪ್ ಬಾಟಲಿ ಮುಗಿಯುತ್ತಾ ಬಂದಿತ್ತು. ಮಕ್ಕಳ ಡಾಕ್ಟರ್ ದಿಲೀಪ್ ಮಹಲನಾಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಪೊಟ್ಟಣ ಕಟ್ಟಿಸಿ, ಡ್ರಮ್ಮುಗಳಲ್ಲಿ ನೀರಿಗೆ ಕದಡಿಸಿ, ಕುಡಿಸಿ ಅಂತ ರೋಗಿಗಳ ಮನೆಯವರ ಕೈಗೇ ಕೊಟ್ಟುಬಿಟ್ಟರು. ನೂರಕ್ಕೆ ಮೂವತ್ತರಷ್ಟು ಜನ ಸಾಯುತ್ತಿದ್ದ ಕಡೆ ಸಾವು ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಅವರು ತೀರಿಕೊಂಡದ್ದು 2022ರಲ್ಲಿ. ಪದ್ಮವಿಭೂಷಣ ಬಂದದ್ದು ಮರುವರ್ಷ. ನಮ್ಮ ದೇಶಕ್ಕೆ ಯಾವುದಕ್ಕೂ ಅವಸರ ಇಲ್ಲ ಬಿಡಿ.

ಬೆಳಗಿನ ಹೊತ್ತಿಗೆ ಅಪ್ಪ ಎದ್ದು ಕೂತು ಪೇಪರ್ ಕೇಳಿದರು.

ಇನ್ನು ಜಗಲಿಯಲ್ಲಿ ಕಾಯಂ ಆಗಿ ಬೀಡುಬಿಟ್ಟವರ ವಿಷಯ. ನಮ್ಮ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ ಅಂತ ಲೆಕ್ಕ, ಹೆಚ್ಚಿನವು ದೊಡ್ಡ ಕರುಳಿನಲ್ಲಿ. ನಮ್ಮವೇ ಜೀವಕೋಶ 30 ಲಕ್ಷ ಕೋಟಿ. ಅವು ನಮಗಿಂತ ಹತ್ತು ಪಟ್ಟು ಅಂತ ಎಲ್ಲ ಕಡೆ ಬರೆಯುತ್ತಿದ್ದರು, 2016ರಲ್ಲಿ ಕೂಡಿ ಕಳೆದು ನೋಡಿದಾಗ ಹೆಚ್ಚುಕಮ್ಮಿ ಸಮ ಅಂತ ಗೊತ್ತಾಯಿತು. ಎಲ್ಲ ಸೇರಿ ತೂಕ ಇನ್ನೂರು ಗ್ರಾಂ. ಒಂದು ಹಿಡಿ ಬೆಣ್ಣೆ.

ಇವು ಮಾಡುವ ಕೆಲಸ ನೋಡಬೇಕಾದರೆ ಅವರೆಕಾಯಿ ಕಾಲದಲ್ಲಿ ನಮ್ಮ ಮನೆಗೆ ಬರಬೇಕು. ಡಿಸೆಂಬರ್ ಜನವರಿಯಲ್ಲಿ ಸೊಗಡಿನ ಅವರೆ ಬಂತೆಂದರೆ ಬೆಳಿಗ್ಗೆ ಉಪ್ಪಿಟ್ಟಿಗೆ ಅವರೆಕಾಳು, ಮಧ್ಯಾಹ್ನ ಸಾರಿಗೆ ಅವರೆಕಾಳು, ರಾತ್ರಿ ಹಿತಕಿದ ಬೇಳೆ. ಆಮೇಲೆ ಮನೆಯಲ್ಲಿ ಯಾರ ಪಕ್ಕ ಯಾರೂ ಕೂರುವುದಿಲ್ಲ. ಕಾಳುಗಳಲ್ಲಿರುವ ಕೆಲವು ಸಕ್ಕರೆಗಳನ್ನು ಒಡೆಯುವ ಕಿಣ್ವ ನಮ್ಮ ಹತ್ತಿರ ಇಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನವರಿಗೆ ಹಬ್ಬ. ರಾಗಿ, ಸೊಪ್ಪು, ಕಾಳಿನ ನಾರೂ ಹೀಗೆಯೇ. ನಮಗೆ ಅರಗದ್ದು ಅವಕ್ಕೆ ಊಟ. ಅವು ಉಂಡು ಬಿಡುವುದರಲ್ಲಿ ಗ್ಯಾಸೂ ಇದೆ, ಬ್ಯುಟಿರೇಟ್ ಅನ್ನುವ ಒಂದು ಕೊಬ್ಬಿನ ಆಮ್ಲವೂ ಇದೆ. ಆ ಹೆಸರು ಬಂದದ್ದು ಬೆಣ್ಣೆಯಿಂದ. ದೊಡ್ಡ ಕರುಳಿನ ಗೋಡೆಯ ಜೀವಕೋಶಗಳು ಮುಕ್ಕಾಲುಪಾಲು ಬದುಕುವುದು ಅದರ ಮೇಲೆ. ಅಂದರೆ ನಮ್ಮ ಮನೆಯ ಹೊರಗೋಡೆಗೆ ಸುಣ್ಣ ಹೊಡೆಯುವುದು ಜಗಲಿಯಲ್ಲಿ ಕೂತವರು. ಗೋಡೆ ಗಟ್ಟಿ ಇದ್ದರೆ ಅವರು ಅಲ್ಲೇ ಇರುತ್ತಾರೆ, ಒಳಗೆ ನುಗ್ಗುವುದಿಲ್ಲ. ಬೇರೆ ಪುಂಡರಿಗೆ ಕೂರಲು ಜಾಗವನ್ನೂ ಬಿಡುವುದಿಲ್ಲ.

ಇದೇ ದೊಡ್ಡ ಕರುಳು ಬರೀ ಕೊಳೆತದ್ದರ ಉಗ್ರಾಣ, ನಮಗೆ ಮುಪ್ಪು ತರುವುದೇ ಅದು ಅಂತ ನಂಬಿದ್ದವರು ಸಣ್ಣವರಲ್ಲ. 1908ರಲ್ಲಿ ನೊಬೆಲ್ ಪಡೆದ ಮೆಚ್ನಿಕಾಫ್ ಹಾಗೆ ನಂಬಿದ್ದರು. ಅದಕ್ಕೆ ಮದ್ದು ಅಂತ ಬಲ್ಗೇರಿಯಾದ ಹುಳಿ ಹಾಲನ್ನು ಹೊಗಳಿದರು, ಮೊಸರಿಗೆ ಯುರೋಪಿನಲ್ಲಿ ಮರ್ಯಾದೆ ಬಂತು. ಅದೇ ಕಾಲಕ್ಕೆ ಲಂಡನ್ನಿನಲ್ಲಿ ಆರ್ಬತ್‌ನಾಟ್ ಲೇನ್ ಅನ್ನುವ ದೊಡ್ಡ ಸರ್ಜನ್ ಮಲಬದ್ಧತೆ ಅಂತ ಬಂದವರ ದೊಡ್ಡ ಕರುಳನ್ನೇ ತೆಗೆದುಹಾಕುತ್ತಿದ್ದರು. ಗೊತ್ತಿಲ್ಲದ ಅಂಗವೆಲ್ಲ ಬೇಡದ ಅಂಗ. ಈ ಕಥೆ ಓದುವಾಗ ಎರಡಡಿ ಹೋದ್ರೆ ಏನು ಅಂದದ್ದು ನೆನಪಾಗಿ ನನಗೆ ನಗು ಬರಲಿಲ್ಲ.

ಅಪ್ಪನ ಜಗಲಿಯವರಿಗೂ ಆಗ ಕಷ್ಟಕಾಲ. ಆಪರೇಷನ್ನಿನ ಹೊತ್ತಿಗೆ ಆ್ಯಂಟಿಬಯಾಟಿಕ್, ಆಮೇಲೆ ಆರು ತಿಂಗಳು ಕ್ಷಯದ ಮಾತ್ರೆ, ಮೂತ್ರವೆಲ್ಲ ಕಿತ್ತಳೆ ಬಣ್ಣ. ಔಷಧಿಗೆ ಕ್ಷಯದ ಕ್ರಿಮಿ ಯಾವುದು, ಪಾಪದ ಕ್ರಿಮಿ ಯಾವುದು ಅಂತ ಗೊತ್ತಾಗುವುದಿಲ್ಲ. ಬೆಂಗಳೂರಿನಿಂದ ನಾನು ಪ್ರೋಬಯಾಟಿಕ್ ಬಾಟಲಿಗಳನ್ನು ತಂದು ಫ್ರಿಜ್ಜಿನಲ್ಲಿ ಸಾಲಾಗಿ ಇಟ್ಟೆ. ಆ ಸಾಲು ನೋಡಿ ಅಮ್ಮ ಮುಖ ಸಿಂಡರಿಸಿದರು. ಮಜ್ಜಿಗೆಯನ್ನೇ ಕೊಟ್ಟರು. ಈಗ ಅನ್ನಿಸುತ್ತದೆ, ಅಮ್ಮನ ಲೆಕ್ಕವೇ ಅಗ್ಗ. ಬಾಟಲಿಯ ಬ್ಯಾಕ್ಟೀರಿಯಾ ಆಗಲಿ ಮೊಸರಿನದ್ದಾಗಲಿ ನೆಂಟರ ಹಾಗೆ, ನಾಲ್ಕು ದಿನ ಇದ್ದು ಹೊರಡುತ್ತವೆ. ಇಡ್ಲಿಯಲ್ಲಂತೂ ಹಿಟ್ಟು ಹುಳಿ ಬರಿಸಿದವು ಹಬೆಗೇ ಸಾಯುತ್ತವೆ, ಅವು ಮಾಡಿಟ್ಟ ಕೆಲಸ ಮಾತ್ರ ನಮಗೆ. ಇದ್ದಲ್ಲೇ ಇರುವವರಿಗೆ ದಿನಾ ಊಟ ಹಾಕುವುದೇ ದೊಡ್ಡದು. ಗಂಜಿಯಿಂದ ಅನ್ನಕ್ಕೆ, ಅನ್ನದಿಂದ ಮೆತ್ತನೆ ಮುದ್ದೆಗೆ, ಮುದ್ದೆಯಿಂದ ಸೊಪ್ಪಿಗೆ, ಕೊನೆಗೆ ಎರಡನೇ ವರ್ಷ ಅವರೆಕಾಳಿಗೆ ಅಪ್ಪ ಬಂದರು. ಮನೆಯಲ್ಲಿ ಮತ್ತೆ ಯಾರ ಪಕ್ಕ ಯಾರೂ ಕೂರಲಿಲ್ಲ. ಅಮ್ಮನಿಗೆ ಅಷ್ಟೇ ಸಾಕಿತ್ತು.

ಎಲ್ಲ ಸರಿಹೋಯಿತು ಅಂತ ನಾವು ಆಸ್ಪತ್ರೆಯ ಫೈಲನ್ನು ಬೀರುವಿನ ಮೇಲೆ ಎಸೆದೆವು.

ಮೂರನೇ ವರ್ಷ ಶುರುವಾದದ್ದು ಬಹಳ ಮೆಲ್ಲಗೆ. ಪಾದ ಜುಮುಜುಮು ಅನ್ನುತ್ತದೆ ಅಂದರು. ಸಕ್ಕರೆ ಕಾಯಿಲೆ ಇರಬಹುದು ಅಂತ ಟೆಸ್ಟ್ ಮಾಡಿಸಿದೆವು, ಇಲ್ಲ. ಸಾರು ಬಾಯಿಗಿಟ್ಟರೆ ನಾಲಿಗೆ ಉರಿ. ನಾಲಿಗೆ ನೋಡಿದರೆ ಕೆಂಪಗೆ, ನುಣ್ಣಗೆ. ಬೆಳಿಗ್ಗೆ ಮುಖ ತೊಳೆಯುವಾಗ ಕಣ್ಣು ಮುಚ್ಚಿದ ತಕ್ಷಣ ತೂರಾಡಿ ಗೋಡೆ ಹಿಡಿದುಕೊಳ್ಳುತ್ತಿದ್ದರು. ಶಿಷ್ಯರ ಹೆಸರೆಲ್ಲ ಇನಿಷಿಯಲ್ ಸಮೇತ ಹೇಳುತ್ತಿದ್ದವರು, ಎದುರಿಗೆ ಬಂದು ನಮಸ್ಕಾರ ಮಾಡಿದವನನ್ನು ಯಾರಪ್ಪ ನೀನು ಅಂದರು. ವಯಸ್ಸಾಯ್ತಲ್ಲ ಅಂದುಕೊಂಡೆವು. ಒಂದು ಕಡೆ ನರದ ಮಾತ್ರೆ ಕೊಟ್ಟರು. ನಿಜವಾಗಿ ಹೆದರಿದ್ದು ಒಂದು ಸಂಜೆ. ಅಪ್ಪ ತೋಟದಿಂದ ಒಂದೇ ಚಪ್ಪಲಿಯಲ್ಲಿ ಬಂದರು. ಇನ್ನೊಂದು ಎಲ್ಲಿ ಅಂದರೆ ಕೆಳಗೆ ನೋಡಿಕೊಂಡರು. ಕಾಲಿಂದ ಚಪ್ಪಲಿ ಜಾರಿ ಹೋದದ್ದೇ ಅವರಿಗೆ ತಿಳಿದಿರಲಿಲ್ಲ. ಅಮ್ಮ ಟಾರ್ಚ್ ಹಿಡಿದು ಹೋಗಿ ಹುಡುಕಿ ತಂದರು. ತೋಡಿನ ಆಚೆ, ಅರ್ಧ ಫರ್ಲಾಂಗು ದೂರದಲ್ಲಿ ಬಿದ್ದಿತ್ತಂತೆ.

ಕೊನೆಗೆ ಹಿಡಿದವರು ನಮ್ಮ ತಾಲ್ಲೂಕಿನ ಒಬ್ಬ ವಯಸ್ಸಾದ ಡಾಕ್ಟರು. ಕಾಲು ನೋಡುವ ಮೊದಲು ಹೊಟ್ಟೆಯ ಮೇಲಿನ ಗಾಯದ ಗುರುತು ನೋಡಿದರು. “ಯಾವ ಭಾಗ ತೆಗೆದ್ರು?” ನಾನು ಬೀರುವಿನ ಮೇಲಿಂದ ಫೈಲು ಇಳಿಸಿ ತಂದೆ. ಎರಡಡಿ, ಸಣ್ಣ ಕರುಳಿನ ಕೊನೆ ಅಂತ ಒಂದು ಸಾಲಿನಲ್ಲಿ ಬರೆದಿತ್ತು. ಮುಂದೇನು ಮಾಡಬೇಕು ಅಂತ ಏನೂ ಬರೆದಿರಲಿಲ್ಲ. “ಬಿ12 ಇಂಜೆಕ್ಷನ್ ತಗೋಬೇಕು ಅಂತ ಯಾರೂ ಹೇಳ್ಲಿಲ್ವಾ?” ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ.

ನರಗಳಿಗೆ ಬೇಕೇಬೇಕಾದ ಬಿ12 ವಿಟಮಿನ್ನಿನ ಪ್ರಯಾಣದಷ್ಟು ನಾಜೂಕಿನ ಪ್ರಯಾಣ ಇನ್ನೊಂದಿಲ್ಲ. ಹಾಲು, ಮೊಸರು, ಮೊಟ್ಟೆ, ಮಾಂಸ, ಮೀನಿನಲ್ಲಿ ಮಾತ್ರ ಇರುತ್ತದೆ. ಜಠರದ ಆಮ್ಲ ಅದನ್ನು ಊಟದಿಂದ ಬಿಡಿಸುತ್ತದೆ. ಜೊಲ್ಲಿನಿಂದ ಬಂದ ಒಂದು ಪ್ರೋಟೀನು ಕೈ ಹಿಡಿದುಕೊಳ್ಳುತ್ತದೆ. ಡುವೊಡಿನಮ್ಮಿನಲ್ಲಿ ಪ್ಯಾಂಕ್ರಿಯಾಸಿನ ರಸ ಆ ಕೈ ಬಿಡಿಸುತ್ತದೆ. ಆಗ ಜಠರವೇ ಮಾಡಿ ಕಳಿಸಿದ ಇನ್ನೊಂದು ಪ್ರೋಟೀನು ಹಿಡಿದುಕೊಳ್ಳುತ್ತದೆ. ಇಬ್ಬರೂ ಸೇರಿ ಅಷ್ಟುದ್ದದ ಸಣ್ಣ ಕರುಳಿನಲ್ಲಿ ಎಲ್ಲೂ ಇಳಿಯದೆ ಕೊನೆಯವರೆಗೆ ಬರುತ್ತಾರೆ. ಅವರನ್ನು ಗುರುತು ಹಿಡಿದು ಒಳಗೆ ಕರೆದುಕೊಳ್ಳುವ ಜೀವಕೋಶಗಳು ಇರುವುದು ಕೊನೆಯ ಆ ಕೆಲವು ಅಡಿಗಳಲ್ಲಿ. ಸಕ್ಕರೆ, ಪ್ರೋಟೀನು, ಕೊಬ್ಬು ಹೀರುವ ಮೇಲಿನ ಭಾಗ ಹೋದರೆ ಕೆಳಗಿನದು ಕಲಿತುಕೊಂಡು ಆ ಕೆಲಸ ಮಾಡುತ್ತದೆ. ಈ ಕೊನೆಯ ಭಾಗದ ಕೆಲಸ ಮಾತ್ರ ಮೇಲಿನವರಿಗೆ ಬರುವುದಿಲ್ಲ. ಹಾಸನಕ್ಕೆ ಟಿಕೆಟ್ ತೆಗೆದುಕೊಂಡು ಕೂತಿದ್ದಾರೆ, ಹಾಸನವೇ ಇಲ್ಲ. ಬಸ್ಸು ಮುಂದೆ ಹೋಗಿಬಿಡುತ್ತದೆ.

ಹಾಗಾದರೆ ಮೂರು ವರ್ಷ ಹೇಗೆ ನಡೆಯಿತು? ಲಿವರಿನಲ್ಲಿ ಕೂಡಿಟ್ಟದ್ದು ಇತ್ತು. ದಿನಕ್ಕೆ ಬೇಕಾಗುವುದು ಎರಡು ಮೈಕ್ರೋಗ್ರಾಂನ ಆಸುಪಾಸು, ಲಿವರಿನಲ್ಲಿ ಇರುವುದು ಕೆಲವು ಮಿಲಿಗ್ರಾಂ. ವರ್ಷಗಟ್ಟಲೆ ಬರುತ್ತದೆ. ನಮ್ಮ ಮನೆಯಲ್ಲಿ ಮೊಟ್ಟೆ ಮಾಂಸ ಇಲ್ಲ, ಅಪ್ಪನ ಗಂಟು ಮೊದಲೇ ಸಣ್ಣದಿರಬೇಕು. ಪಿತ್ತದ ಜೊತೆ ದಿನಾ ಸ್ವಲ್ಪ ಕರುಳಿಗೆ ಇಳಿದು, ಅದೇ ಕೊನೆಯ ಎರಡಡಿಯಲ್ಲಿ ವಾಪಸ್ಸು ಬರಬೇಕಿತ್ತು, ಅದೂ ನಿಂತಿತ್ತು. ಅಷ್ಟು ದಿನ ಮನೆ ನಡೆದದ್ದು ಹಳೇ ಉಳಿತಾಯದಲ್ಲಿ. ಅದು ಮುಗಿದ ದಿನ ಚಪ್ಪಲಿ ಬಿದ್ದುಹೋಯಿತು.

ಇನ್ನೊಂದು ವಿಷಯ ನೆನೆದರೆ ನನಗೆ ಈಗಲೂ ಸಂಕಟ. ಅಪ್ಪನ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಅಷ್ಟು ದಿನವೂ ಬಿ12 ಮಾಡುತ್ತಲೇ ಇದ್ದವು. ಎಲ್ಲರಲ್ಲೂ ಮಾಡುತ್ತವೆ. ಆದರೆ ಇಳಿಯುವ ಸ್ಟಾಪು ದಾಟಿದ ಮೇಲೆ. ಅಲ್ಲಿ ಅದನ್ನು ಹೀರುವವರಿಲ್ಲ, ಹಾಗೇ ಆಚೆ ಹೋಗುತ್ತದೆ. ನಮ್ಮ ಕೊಟ್ಟಿಗೆಯ ಹಸುವಿಗೆ ಈ ತೊಂದರೆ ಇಲ್ಲ. ಅದರ ಬ್ಯಾಕ್ಟೀರಿಯಾ ಇರುವುದು ಮೆಲುಕು ಹಾಕುವ ಮುಂದಿನ ಹೊಟ್ಟೆಯಲ್ಲಿ, ಕರುಳಿಗಿಂತ ಮೊದಲು. ಹುಲ್ಲು ತಿಂದು ಬಿ12 ಪಡೆದು ಹಾಲಿನಲ್ಲಿ ನಮಗೂ ಕೊಡುತ್ತದೆ. ಇದನ್ನು ಹೇಳಿದಾಗ ಅಪ್ಪ ಬಹಳ ಹೊತ್ತು ಕೊಟ್ಟಿಗೆ ಕಡೆ ನೋಡಿದರು. “ನಮ್ಮ ಗೌರಿ ನಮ್ಗಿಂತ ಬುದ್ಧಿವಂತೆ” ಅಂದರು.

ಮೊದಲ ಕೆಲವು ವಾರ ದಿನ ಬಿಟ್ಟು ದಿನ ಇಂಜೆಕ್ಷನ್. ಆಮೇಲೆ ತಿಂಗಳಿಗೊಂದು, ಬದುಕಿರುವವರೆಗೆ. ಔಷಧಿ ಕೆಂಪಗೆ ಓಕುಳಿ ನೀರಿನ ಹಾಗಿರುತ್ತದೆ, ಅದರಲ್ಲಿರುವ ಕೋಬಾಲ್ಟಿನಿಂದ ಆ ಬಣ್ಣ. ಎರಡು ಮೂರು ವಾರದಲ್ಲಿ ನಾಲಿಗೆ ಉರಿ ಹೋಯಿತು. ಸಾರಿಗೆ ಖಾರ ಸಾಲದು ಅಂತ ಜಗಳ ಶುರುವಾಯಿತು. ಹೆಸರುಗಳು ಒಂದೊಂದಾಗಿ ವಾಪಸ್ಸು ಬಂದವು. ಪಾದ ಮಾತ್ರ ಬಹಳ ತಿಂಗಳು ಸತಾಯಿಸಿತು. ಬಲಗಾಲಿನ ಬೆರಳ ತುದಿ ಈಗಲೂ ಪೂರ್ತಿ ಸರಿಯಿಲ್ಲ, ಅದು ಹಾಗೇ ಉಳಿಯಬಹುದು ಅಂದಿದ್ದಾರೆ.

ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಜೊತೆ ಅಪ್ಪ ಈಗ ಪ್ರತಿ ತಿಂಗಳ ಐದನೇ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾರೆ. ಪಕ್ಕದಲ್ಲಿ ಮೇಷ್ಟ್ರ ಅಕ್ಷರದಲ್ಲಿ “ಎರಡಡಿ” ಅಂತ ಬರೆಯುತ್ತಾರೆ.

ಹೋದ ಮಳೆಗಾಲದಲ್ಲಿ ಊರಿಗೆ ಹೋಗಿದ್ದೆ. ಸಂಜೆ ಇಬ್ಬರೂ ತೋಟದಿಂದ ಬರುತ್ತಿದ್ದೆವು. ತೋಡಿನ ಹತ್ತಿರ ಕೆಸರು. ನಾನು ದಾಟಿ ನಾಲ್ಕು ಹೆಜ್ಜೆ ಮುಂದೆ ಬಂದಿದ್ದೆ. ಹಿಂದೆ ಸದ್ದು ನಿಂತಿತು. ತಿರುಗಿ ನೋಡಿದರೆ ಅಪ್ಪ ಒಂದು ಕಾಲು ಎತ್ತಿಕೊಂಡು ನಿಂತಿದ್ದರು, ಕೆಸರಿನಲ್ಲಿ ಹೂತಿದ್ದ ಎಡಗಾಲಿನ ಚಪ್ಪಲಿಯ ಕಡೆ ನೋಡುತ್ತಾ.

“ಜಾರ್ತು ಕಣಮ್ಮ, ಗೊತ್ತಾಯ್ತು” ಅಂದರು.